ಹಿಟ್ಟಿನ ಮನೆಯ ಹಸಿವು

ನಮ್ಮ ಮನೆಯಲ್ಲಿ ಯಾರ ತಲೆಗೂದಲೂ ಪೂರ್ತಿ ಕಪ್ಪಗಿರುತ್ತಿರಲಿಲ್ಲ. ಪಾಂಡವಪುರದ ಹಳೆಯ ಬೀದಿಯೊಂದರಲ್ಲಿ ಮುಂದೆ ಹಿಟ್ಟಿನ ಮಿಲ್ಲು, ಹಿಂದೆ ನಾವು. ನಡುವೆ ಒಂದು ಬಾಗಿಲಿತ್ತು, ಅದನ್ನು ಮುಚ್ಚಿದ್ದು ನನಗೆ ನೆನಪಿಲ್ಲ. ಮೋಟಾರು ತಿರುಗಲು ಶುರುವಾಯಿತೆಂದರೆ ದೇವರ ಪಟಗಳು ಗೋಡೆಯ ಮೇಲೆ ಸಣ್ಣಗೆ ನಡುಗುತ್ತಿದ್ದವು, ಕೊಡದ ನೀರಿನಲ್ಲಿ ಉಂಗುರಗಳು ಏಳುತ್ತಿದ್ದವು, ಬಿಸಿಯಾದ ರಾಗಿಯ ವಾಸನೆ ಅಡುಗೆಮನೆ ದಾಟಿ ಬಚ್ಚಲವರೆಗೆ ಬರುತ್ತಿತ್ತು. ಮಡಿಸಿಟ್ಟ ಲಂಗ, ಓದುವ ಪುಸ್ತಕ, ಅಜ್ಜಿಯ ಹುಬ್ಬು, ಹಿತ್ತಿಲ ತುಳಸಿ, ಎಲ್ಲದರ ಮೇಲೂ ತೆಳ್ಳಗೆ ಹಿಟ್ಟು ಕೂತಿರುತ್ತಿತ್ತು. ನಮ್ಮ ಕಡೆ ಮುದ್ದೆಗೂ ಹಿಟ್ಟೆಂದೇ ಹೆಸರು. ದಾರಿಯಲ್ಲಿ ಎದುರಾದವರು ಕ್ಷೇಮ ಕೇಳುವುದೇ ‘ಇಟ್ಟುಂಡ್ಯಾ’ ಎಂದು. ಅಂಥ ಊರಿನಲ್ಲಿ, ಅಂಥ ಮನೆಯಲ್ಲಿ, ಉಣ್ಣುವುದನ್ನು ಬಿಟ್ಟು ಸಾವಿನ ಹತ್ತಿರಕ್ಕೆ ಹೋಗಿ ಬಂದವಳು ನಾನು. ಅದು ಹೇಗಾಯಿತೆಂದು ಹೇಳಬೇಕಾದರೆ ಮೊದಲು ನಮ್ಮ ಮನೆಯ ಊಟದ ಹೊತ್ತು ಹೇಗಿರುತ್ತಿತ್ತೆಂದು ಹೇಳಬೇಕು.

ಅಪ್ಪ ಇಡೀ ದಿನ ಮೋಟಾರಿನ ಸದ್ದನ್ನು ಮೀರಿ ಕೂಗಿ ಮಾತಾಡುತ್ತಿದ್ದವನು. ಒಳಗೆ ಬಂದು ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತರೂ ಆ ದನಿ ಇಳಿಯುತ್ತಿರಲಿಲ್ಲ. ಅಪ್ಪನ ತಾಯಿ, ನಮ್ಮಜ್ಜಿ, ಅಡುಗೆಮನೆಯ ಹೊಸ್ತಿಲ ಪಕ್ಕದಲ್ಲಿ ಕಂಬಕ್ಕೆ ಒರಗಿ ಕೂರುತ್ತಿದ್ದಳು. ಅವಳಿಗೂ ಅವ್ವನಿಗೂ ಎದುರಾಬದುರು ಜಗಳವಾದದ್ದು ಕಡಿಮೆ. ಅವರ ಜಗಳವೆಲ್ಲ ಸಾರಿನ ಮೂಲಕವೇ ನಡೆಯುತ್ತಿತ್ತು. ಅಪ್ಪ ಮೊದಲ ತುತ್ತು ಮುರಿಯುವ ಹೊತ್ತಿಗೆ ಸರಿಯಾಗಿ ಅಜ್ಜಿ, ಗೋಡೆಗೆ ಹೇಳುವವಳಂತೆ, ಇವತ್ತು ಉಪ್ಪೆಸರು ನೀರಾಗಿದೆ ಎಂದೋ ಕಾಳು ಬೆಂದಿಲ್ಲ ಎಂದೋ ಒಂದು ಮಾತು ಬಿಡುತ್ತಿದ್ದಳು. ಅಲ್ಲಿಂದ ಮುಂದಿನದು ಅಪ್ಪನ ಆ ದಿನದ ವ್ಯಾಪಾರ, ಕರೆಂಟು, ಬಿಸಿಲು ಇವುಗಳ ಮೇಲೆ ನಿಂತಿತ್ತು. ಕೆಲವು ದಿನ ಸುಮ್ಮನೆ ಉಂಡು ಏಳುತ್ತಿದ್ದ. ಕೆಲವು ದಿನ ತಟ್ಟೆ ನೆಲದ ಮೇಲೆ ಜಾರುತ್ತ ಹೋಗಿ ಗೋಡೆಗೆ ಬಡಿಯುತ್ತಿತ್ತು. ತಂಗಿ ಮಂಜುಳ ಜೋರಾಗಿ ಅಳುತ್ತಿದ್ದಳು, ಅತ್ತದ್ದಕ್ಕೆ ಅವಳ ಬೆನ್ನಿಗೂ ಬೀಳುತ್ತಿತ್ತು, ಸ್ವಲ್ಪ ಹೊತ್ತಿಗೆ ಅವಳೇ ಕಣ್ಣೊರೆಸಿಕೊಂಡು ಬಂದು ಇನ್ನಷ್ಟು ಅನ್ನ ಹಾಕಿಸಿಕೊಂಡು ಉಣ್ಣುತ್ತಿದ್ದಳು. ನಾನು ಅಳುತ್ತಿರಲಿಲ್ಲ. ಒದ್ದೆ ಬಟ್ಟೆ ತಂದು ಗೋಡೆ ಒರೆಸುತ್ತಿದ್ದೆ. ಸಾರಿನ ಕಲೆ ಹೋದ ಮೇಲೂ ಒರೆಸುತ್ತಿದ್ದೆ. ನನ್ನ ತಟ್ಟೆಯಲ್ಲಿ ಉಳಿದದ್ದು ಆರಿ ಹೋಗುತ್ತಿತ್ತು, ಅದನ್ನು ಮುಟ್ಟುವ ಮನಸ್ಸೇ ಬರುತ್ತಿರಲಿಲ್ಲ.

ಆ ಮನೆಯಲ್ಲಿ ನಾನು ಬೇಗ ಕಲಿತ ಮಾತೆಂದರೆ ‘ನನಗೆ ಬೇಡ’. ಇನ್ನೊಂದು ಹೋಳಿಗೆ ಬೇಡ, ಹಬ್ಬಕ್ಕೆ ಹೊಸ ಲಂಗ ಬೇಡ, ಶಾಲೆಯಿಂದ ಪ್ರವಾಸಕ್ಕೆ ಹೋಗುವುದು ಬೇಡ. ಬೇಡ ಎಂದವಳನ್ನು ಯಾರೂ ಬೈಯುವುದಿಲ್ಲವೆಂದು ನನಗೆ ಗೊತ್ತಾಗಿಹೋಗಿತ್ತು. ಒಮ್ಮೆ ಮಧ್ಯಾಹ್ನ ಹೇಳದೆ ಕೇಳದೆ ನೆಂಟರು ಬಂದರು. ಮಾಡಿದ್ದ ಹಿಟ್ಟು ಸಾಲದೆ ಅವ್ವ ಮುಖ ಚಿಕ್ಕದು ಮಾಡಿಕೊಂಡಾಗ ನಾನು ನನಗೆ ಹಸಿವೇ ಇಲ್ಲವೆಂದೆ. ಅಜ್ಜಿ ನನ್ನ ಗಲ್ಲ ಹಿಡಿದು ನೆಂಟರ ಕಡೆ ತಿರುಗಿಸಿದಳು.

“ಇವ್ಳೊಬ್ಳು ನೋಡ್ರವ್ವ, ಉಟ್ದಾಗ್ಲಿಂದ ಒಂದಿನಾನೂ ನಂಗಿದು ಬೇಕು ಅಂದೋಳಲ್ಲ. ದೇವ್ರಂತಾ ಮಗ.”

ಹೊಟ್ಟೆ ಚುರುಗುಟ್ಟುತ್ತಿತ್ತು, ಆದರೂ ಅವತ್ತು ನನಗೆ ಏನೋ ತುಂಬಿಕೊಂಡ ಹಾಗಾಯಿತು. ಮಂಜುಳ ಕೇಳಿ ಪಡೆಯುತ್ತಿದ್ದಳು, ಕಿತ್ತುಕೊಂಡು ತಿನ್ನುತ್ತಿದ್ದಳು, ಒದೆ ತಿಂದು ಅರ್ಧ ಗಂಟೆಯಲ್ಲಿ ಮರೆತುಬಿಡುತ್ತಿದ್ದಳು. ನಾನು ಯಾವುದನ್ನೂ ಮರೆಯುತ್ತಿರಲಿಲ್ಲ. ಕಾಪಿ ಪುಸ್ತಕದಲ್ಲಿ ಒಂದಕ್ಷರ ಕೆಟ್ಟರೆ ಹಾಳೆಯನ್ನೇ ಹರಿದು ಮತ್ತೆ ಮೊದಲಿನಿಂದ ಬರೆಯುತ್ತಿದ್ದೆ. ಯೂನಿಫಾರ್ಮಿನ ಮಡಿಕೆ ಅಂಚಿಗಂಚು ಕೂಡದಿದ್ದರೆ ಶಾಲೆಗೆ ತಡವಾದರೂ ಸರಿ, ಬಿಚ್ಚಿ ಮತ್ತೆ ಮಡಿಸುತ್ತಿದ್ದೆ. ಟೀಚರು ಮೆಚ್ಚಿದರೆ ಸಂತೋಷವಾಗುವ ಬದಲು ನಾಳೆ ಮೆಚ್ಚದೆ ಹೋದರೇನು ಗತಿ ಎಂದು ಭಯವಾಗುತ್ತಿತ್ತು. ಎಲ್ಲರೂ ಇದನ್ನು ಜಾಣತನ ಎಂದರು, ಶಿಸ್ತು ಎಂದರು. ಅದರೊಳಗೆ ಎಷ್ಟು ಹೆದರಿಕೆ ತುಂಬಿಕೊಂಡಿದೆಯೆಂದು ಯಾರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ.

ನಾನು ದೊಡ್ಡವಳಾದಾಗ ನಮ್ಮಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ ಮಾಡುವಂತೆ ಮೂಲೆಯಲ್ಲಿ ಕೂರಿಸಿ ಕೊಬ್ಬರಿ ಬೆಲ್ಲ, ತುಪ್ಪ, ಚಿಗುಳಿ ತಿನ್ನಿಸಿದರು. ಒಸಗೆಯ ದಿನ ಹಸೆಯ ಮೇಲೆ ಕೂತಿದ್ದ ನನ್ನನ್ನು ಬಂದವರೆಲ್ಲ ಅಡಿಯಿಂದ ಮುಡಿಯವರೆಗೆ ನೋಡಿದರು. ಮೈ ತುಂಬಿಕೊಂಡಿದೆ ಎಂದರು, ಇನ್ನೆಷ್ಟು ದಿನ ಮನೇಲಿ ಇಟ್ಟುಕೊಳ್ಳುತ್ತೀರಿ ಎಂದು ಅಪ್ಪನನ್ನು ಕೇಳಿದರು. ಅದಾದ ಮೇಲೆ ಒಂದು ದಿನ ಮಿಲ್ಲಿನಲ್ಲಿ, ಮೂಟೆ ತೂಗುವ ತಕ್ಕಡಿಯ ಹಲಗೆಯ ಮೇಲೆ ಮಂಜುಳ ಆಟಕ್ಕೆಂದು ನನ್ನನ್ನು ಎಳೆದು ನಿಲ್ಲಿಸಿದಳು. ರಾಗಿ ಬೀಸಿಸಲು ಬಂದಿದ್ದ ಹೆಂಗಸೊಬ್ಬಳು ನೋಡಿ ನಕ್ಕಳು.

“ಏನಣ್ಣ, ದೊಡ್ ಮಗ್ಳು ಒಂದ್ ಮೂಟೆ ತೂಗ್ತಾಳಲ್ಲ. ಚೆನ್ನಾಗೇ ಮೇಯ್ಸಿದ್ದೀಯ.”

ಅಪ್ಪನೂ ನಕ್ಕ. ಅಪ್ಪ ನಗುವುದೇ ಅಪರೂಪ. ಆ ಒಂದು ಮಾತಿನಿಂದ ನನಗೆ ಕಾಯಿಲೆ ಬಂತೆಂದರೆ ಸುಳ್ಳಾಗುತ್ತದೆ. ಅಂಥ ಮಾತನ್ನು ಕೇಳಿ ಸಂಜೆಗೆ ಮರೆಯುವ ಹುಡುಗಿಯರು ಊರ ತುಂಬ ಇದ್ದರು, ನನ್ನ ತಂಗಿಯೂ ಅವರಲ್ಲೊಬ್ಬಳು. ಆದರೆ ನಾನು ತಪ್ಪಿದ ಅಕ್ಷರಕ್ಕೆ ಹಾಳೆ ಹರಿಯುವವಳು. ಅವತ್ತು ನನ್ನ ಮೈಯೇ ಒಂದು ತಪ್ಪಿದ ಅಕ್ಷರದಂತೆ ಕಂಡಿತು.

ಶ್ರಾವಣ ಬಂತು. ಅಜ್ಜಿ ಪ್ರತಿ ಶನಿವಾರ ಉಪವಾಸವಿದ್ದು ಕರಿಘಟ್ಟಕ್ಕೆ ಹೋಗುತ್ತಿದ್ದಳು. ನಾನೂ ಬರುತ್ತೇನೆಂದೆ. ಪಾಂಡವಪುರದಿಂದ ಬಸ್ಸಿನಲ್ಲಿ ಶ್ರೀರಂಗಪಟ್ಟಣ, ಅಲ್ಲಿಂದ ಆಟೋ, ಆಮೇಲೆ ಬೆಟ್ಟದ ಮೆಟ್ಟಿಲು. ಖಾಲಿ ಹೊಟ್ಟೆಯಲ್ಲಿ ಹತ್ತಿ ಮೇಲೆ ನಿಂತಾಗ ಕೆಳಗೆ ಲೋಕಪಾವನಿ, ಆಚೆ ಕಾವೇರಿ, ಗದ್ದೆಗಳು ಎಲ್ಲ ಬೆಳಕಿನಲ್ಲಿ ತೇಲುವ ಹಾಗೆ ಕಂಡವು. ತಲೆ ಹಗುರವಾಗಿತ್ತು. ಮೊದಲ ಬಾರಿಗೆ ನನ್ನೊಳಗೆ ಭಯವಿರಲಿಲ್ಲ. ಜೊತೆಗೆ ಬಂದಿದ್ದ ಹೆಂಗಸರು ಇಷ್ಟು ಸಣ್ಣ ವಯಸ್ಸಿಗೆ ಎಂಥ ಭಕ್ತಿ ಎಂದರು. ಶ್ರಾವಣ ಮುಗಿಯಿತು, ನನ್ನ ಉಪವಾಸ ಮುಗಿಯಲಿಲ್ಲ. ಶನಿವಾರದ ಜೊತೆಗೆ ಸೋಮವಾರ ಸೇರಿತು, ಆಮೇಲೆ ಗುರುವಾರ. ಕೊನೆಗೆ ದೇವರ ಹೆಸರೂ ಬೇಕಾಗಲಿಲ್ಲ. ಅಷ್ಟು ಹೊತ್ತಿಗೆ ನಾನು ಶ್ರೀರಂಗಪಟ್ಟಣದಲ್ಲಿ ಪಿಯುಸಿ ಓದುತ್ತಿದ್ದೆ. ಬೆಳಿಗ್ಗೆ ಕಾಲೇಜಿಗೆ ಹೊತ್ತಾಯಿತೆಂದು, ಸಂಜೆ ಅಲ್ಲೇ ಉಂಡು ಬಂದೆನೆಂದು ಹೇಳುತ್ತಿದ್ದೆ. ಸುಳ್ಳು ಹೇಳಲು ಬರದಿದ್ದ ನಾನು ಊಟದ ವಿಷಯದಲ್ಲಿ ಮಾತ್ರ ತಡವರಿಸದೆ ಸುಳ್ಳು ಹೇಳುವವಳಾದೆ.

ನನಗೆ ಹಸಿವಿರಲಿಲ್ಲವೆಂದು ಜನ ತಿಳಿಯುತ್ತಾರೆ. ಹಸಿವಲ್ಲದೆ ಬೇರೇನೂ ಇರಲಿಲ್ಲ. ಪಾಠ ಕೇಳುವಾಗ, ಬಸ್ಸಿನಲ್ಲಿ ನಿಂತಾಗ, ಹಾಸಿಗೆಯಲ್ಲಿ ಬಿದ್ದಾಗ ತಲೆಯೊಳಗೆ ಅನ್ನ, ಕಾಳು, ತುಪ್ಪ ಇವೇ ತಿರುಗುತ್ತಿದ್ದವು. ರಜೆಯ ದಿನ ಅವ್ವನನ್ನು ಪಕ್ಕಕ್ಕೆ ಸರಿಸಿ ನಾನೇ ಅಡುಗೆ ಮಾಡುತ್ತಿದ್ದೆ. ಅವರೆಕಾಳು ಹಿದುಕಿ ಸಾರು ಮಾಡಿ ಎಲ್ಲರಿಗೂ ಬಡಿಸಿ, ಮಂಜುಳ ಬೆರಳು ನೆಕ್ಕುವುದನ್ನು ನೋಡುತ್ತ ನಿಲ್ಲುತ್ತಿದ್ದೆ. ಅಜ್ಜಿಗೆ ಇದರಿಂದ ಬಹಳ ಸಂತೋಷವಾಯಿತು. ನನ್ನೊಳಗೆ ಒಂದು ದನಿ ಹುಟ್ಟಿಕೊಂಡಿತ್ತು. ಅದು ಅಪ್ಪನಂತೆ ಕೂಗುತ್ತಿರಲಿಲ್ಲ, ಅಜ್ಜಿಯಂತೆ ಚುಚ್ಚುತ್ತಿರಲಿಲ್ಲ. ತಣ್ಣಗೆ, ಒಳ್ಳೆಯ ಟೀಚರಿನಂತೆ, ನಿನ್ನೆಗಿಂತ ಇವತ್ತು ಕಡಿಮೆ ಎಂದಷ್ಟೇ ಹೇಳುತ್ತಿತ್ತು. ಅದರ ಮಾತು ಮೀರಿ ಒಂದು ತುತ್ತು ಹೆಚ್ಚು ತಿಂದ ದಿನ ಯಾರನ್ನೋ ಕೊಂದು ಬಂದವಳಂತೆ ಮೂಲೆ ಸೇರುತ್ತಿದ್ದೆ. ಏಪ್ರಿಲ್ ಬಿಸಿಲಿನಲ್ಲೂ ಸ್ವೆಟರು ಬೇಕಾಯಿತು. ತಲೆ ಬಾಚಿದರೆ ಕೂದಲು ಬಾಚಣಿಗೆಯಲ್ಲೇ ಉಳಿಯಿತು. ಕಾಲೇಜಿನ ಬೆಂಚಿನ ಮೇಲೆ ಕೂತರೆ ಮೂಳೆ ಒತ್ತಿ ನೋವಾಗುತ್ತಿತ್ತು. ಕನ್ನಡಿಯಲ್ಲಿ ಮಾತ್ರ ಆ ತಕ್ಕಡಿಯ ಮೇಲೆ ನಿಂತಿದ್ದ ಹುಡುಗಿಯೇ ಕಾಣುತ್ತಿದ್ದಳು.

ಮನೆಯಲ್ಲಿ ಗೊತ್ತಾಗದೆ ಇರಲಿಲ್ಲ. ಅಪ್ಪ ಮೊದಲು ಕೂಗಿದ. ಆಮೇಲೆ ಒಂದು ದಿನ ಕುತ್ತಿಗೆ ಹಿಡಿದು ತುತ್ತನ್ನು ಬಾಯಿಗೆ ತುರುಕಿದ, ನಾನು ಅದನ್ನು ಹಿತ್ತಿಲಲ್ಲಿ ಕಕ್ಕಿದೆ. ಮರುದಿನ ಅವನೇ ಮೈಸೂರುಪಾಕಿನ ಪೊಟ್ಟಣ ತಂದು ನನ್ನ ಪುಸ್ತಕದ ಮೇಲಿಟ್ಟು ಮಿಲ್ಲಿಗೆ ಹೋದ. ಅದಕ್ಕೆ ಇರುವೆ ಹತ್ತಿತು. ಜಾಗ ಬದಲಾದರೆ ಬಾಯಿರುಚಿ ತಿರುಗುತ್ತದೆಂದು ಅಜ್ಜಿ ಹೇಳಿದ್ದರಿಂದ ಬೇಸಿಗೆ ರಜೆಗೆ ನನ್ನನ್ನು ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿಗೆ, ಅಪ್ಪನ ತಂಗಿಯ ಮನೆಗೆ ಕಳಿಸಿದರು. ಅತ್ತೆ ಕೆಟ್ಟವಳಲ್ಲ. ಹೇಮಾವತಿಯ ನಾಲೆ ನೀರಿನ ಗದ್ದೆ, ಮನೆಯಲ್ಲಿ ಎರಡು ಎಮ್ಮೆ. ಅಣ್ಣನ ಮಗಳನ್ನು ಹಾಲು ಮೊಸರಿನಲ್ಲೇ ಎಬ್ಬಿಸಿಬಿಡುತ್ತೇನೆಂದು ಪಣ ತೊಟ್ಟಳು. ಅವಳು ಎದುರಿಗೆ ಕೂತು ಉಣ್ಣಿಸುತ್ತಿದ್ದಳು, ನಾನು ಕೊಟ್ಟಿಗೆಯ ಹಿಂದೆ ಹೋಗಿ ಕಕ್ಕುತ್ತಿದ್ದೆ. ರಜೆ ಮುಗಿಯುವ ಮೊದಲೇ ಅತ್ತೆ ನನ್ನನ್ನು ಬಸ್ಸು ಹತ್ತಿಸಿಕೊಂಡು ಬಂದು ಪಾಂಡವಪುರದಲ್ಲಿ ಬಿಟ್ಟಳು. ಮನೆಗೆ ಬಂದವಳೇ ಅಜ್ಜಿಯನ್ನು ಒಳಗೆ ಕರೆದಳು. ಹಿತ್ತಿಲಲ್ಲಿದ್ದ ನನಗೆ ಕೇಳಿಸಿತು.

“ಬಂದಾಗ್ಲಿಂದ ಒಂದ್ಸಲಾನೂ ಒರಗಾಗಿಲ್ಲ ಕಣವ್ವ. ಉಂಡಿದ್ನೆಲ್ಲ ಕಕ್ತಾವ್ಳೆ. ಕಾಲೇಜು ಗೀಲೇಜು ಅಂತ ಕಳಿಸ್ಬುಟ್ಟು ನೀವು ಏನ್ ಮಾಡ್ಕೊಂಡಿದ್ದೀರೋ ನೋಡ್ಕೊಳಿ.”

ನಮ್ಮ ಮನೆಯಲ್ಲಿ ಮುಟ್ಟಾದವರು ಮೂರು ದಿನ ಹೊರಗೆ ಕೂರಬೇಕಿತ್ತು. ನಾನು ಎಷ್ಟೋ ತಿಂಗಳಿಂದ ಕೂತಿರಲಿಲ್ಲ. ಕೆಲಸದ ಗಲಾಟೆಯಲ್ಲಿ ಯಾರೂ ಗಮನಿಸಿರಲಿಲ್ಲ ಅಷ್ಟೆ. ಆ ಸಂಜೆಯಿಂದ ಅಪ್ಪ ನನ್ನ ಮುಖ ನೋಡುವುದನ್ನು ಬಿಟ್ಟ. ಎದುರಿಗೆ ಬಂದರೆ ಪಕ್ಕಕ್ಕೆ ಸರಿದು ಹೋಗುತ್ತಿದ್ದ. ಅಜ್ಜಿ ದೇವರ ಮನೆಯ ಬಾಗಿಲು ಹಾಕಿಕೊಂಡು ಕೂತಳು. ಜೀವಮಾನವೆಲ್ಲ ಒಳ್ಳೆಯವಳೆನಿಸಿಕೊಳ್ಳಲು ಸತ್ತಿದ್ದ ನನಗೆ ಆ ಮನೆಯಲ್ಲಿ ಈಗ ಇದ್ದದ್ದು ಮದುವೆಯಿಲ್ಲದೆ ಬಸುರಾದವಳೆಂಬ ಒಂದು ಹೆಸರು. ಹಾಗಲ್ಲ ಎಂದು ಕೂಗಿ ಹೇಳಲೂ ನನಗೆ ಬರಲಿಲ್ಲ. ಕೂಗಿ ಹೇಳುವುದನ್ನು ನಾನು ಯಾವತ್ತೂ ಕಲಿತಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವ್ವ ಎಣ್ಣೆನೀರು ಹಾಕುತ್ತೇನೆಂದು ಬಚ್ಚಲಿಗೆ ಕರೆದಳು. ಬಹಳ ದಿನದಿಂದ ನಾನು ಯಾರನ್ನೂ ಬೆನ್ನುಜ್ಜಲು ಬಿಟ್ಟಿರಲಿಲ್ಲ. ಅವತ್ತು ಬೇಡ ಎನ್ನುವ ತ್ರಾಣವೂ ಇರಲಿಲ್ಲ. ಅವಳು ನನ್ನನ್ನು ಕೇಳಬೇಕೆಂದಿದ್ದ ಪ್ರಶ್ನೆ ಅವಳ ಬಾಯಿಗೆ ಬಂದಿತ್ತೆಂದು ನನಗೆ ಗೊತ್ತು. ಬಟ್ಟೆ ಕಳಚಿ ಮಣೆಯ ಮೇಲೆ ಕೂತಾಗ ಅವ್ವ ಚೊಂಬು ಎತ್ತಿದವಳು ಹಾಗೇ ನಿಂತಳು. ಅವಳ ಬೆರಳು ನನ್ನ ಬೆನ್ನಿನ ಒಂದೊಂದೇ ಮೂಳೆಯ ಮೇಲೆ ಇಳಿದು ಬಂತು. ನನ್ನ ಭುಜದ ಮೇಲೆ ಬಿದ್ದದ್ದು ಹಂಡೆಯ ನೀರಲ್ಲ.

“ಇದ್ರಲ್ಲಿ ಯಾವ ಕೂಸು ಇದ್ದೀತು,” ಅಂದಳು ಅವ್ವ. “ನಿಂಗೇ ಜಾಗಿಲ್ವಲ್ಲವ್ವ ಇದ್ರಲ್ಲಿ.”

ಅವಳು ಹೊರಗೆ ಹೋಗಿ ಅಪ್ಪನಿಗೆ ಏನು ಹೇಳಿದಳೋ ತಿಳಿಯದು. ಆದರೆ ಅನುಮಾನ ಮಾತಿನಿಂದ ಹೋಗುವಂಥದಲ್ಲ. ಮಂಡ್ಯದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಅಲ್ಲಿಯ ಡಾಕ್ಟರಮ್ಮ ಅಂಥದೇನೂ ಇಲ್ಲವೆಂದಳು, ರಕ್ತ ಕಡಿಮೆಯಿದೆಯೆಂದು ಟಾನಿಕ್ಕು ಬರೆದುಕೊಟ್ಟಳು, ಒಂದು ಮದುವೆ ಮಾಡಿ, ತಾನಾಗೇ ಸರಿಹೋಗುತ್ತದೆ ಎಂದಳು. ಅಪ್ಪ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಕಿಟಕಿಯ ಆಚೆ ನೋಡುತ್ತಿದ್ದ. ಕಡಲೆಕಾಯಿ ಕೊಡಿಸಲೇ ಎಂದು ಕೇಳಿದ. ಅದು ಅವನಿಗೆ ಗೊತ್ತಿದ್ದ ಸಮಾಧಾನ. ನಾನು ಬೇಡವೆಂದೆ. ಆಮೇಲೆ ನಾಗಮಂಗಲದ ಕಡೆ ಒಬ್ಬರು ಗಾಳಿ ಬಿಡಿಸುತ್ತಾರೆಂದು ಯಾರೋ ಹೇಳಿ ಅಲ್ಲಿಗೂ ಹೋದೆವು. ಉಣ್ಣಲಿಲ್ಲದೆ ಸತ್ತ ಹೆಣ್ಣೊಂದು ನನ್ನ ಮೇಲೆ ಕೂತಿದೆಯೆಂದು ಆ ಮುದುಕ ಹೇಳಿ, ಕರಿದಾರ ಕಟ್ಟಿ, ನಿಂಬೆಹಣ್ಣು ಮಂತ್ರಿಸಿ ಕೊಟ್ಟ. ವಿಚಿತ್ರವೆಂದರೆ ಅವತ್ತು ನನಗೆ ಸ್ವಲ್ಪ ಹಗುರವಾಯಿತು. ಯಾರೋ ಒಬ್ಬರು ಕೊನೆಗೂ ಇದು ನನ್ನ ಹಟವಲ್ಲ, ನನ್ನ ಮೇಲೆ ಇನ್ನೇನೋ ಕೂತಿದೆ ಎಂದು ಹೇಳಿದ್ದರು. ಆದರೆ ದಾರ ತೋಳಿನಿಂದ ಜಾರಿ ಜಾರಿ ಬೀಳುತ್ತಿತ್ತು. ಕಟ್ಟಿಕೊಳ್ಳಲು ತೋಳೇ ಇರಲಿಲ್ಲ.

ಅವ್ವ ತನ್ನದೇ ಒಂದು ದಾರಿ ಹಿಡಿದದ್ದು ಆಗ. ಒಂದು ಮಧ್ಯಾಹ್ನ ನನಗೆ ಬಡಿಸಿ, ತಾನೂ ತಟ್ಟೆ ಹಾಕಿಕೊಂಡು ಎದುರು ಕೂತಳು.

“ನೀನೆಷ್ಟು ಉಣ್ತೀಯೋ ನಾನೂ ಅಷ್ಟೇಯ. ನಿನ್ ತಟ್ಟೇಲಿ ಬುಟ್ಟಿದ್ದು ನನ್ ತಟ್ಟೇಲೂ ಬುಟ್ಟಿರ್ತದೆ. ನನ್ನ ಬದುಕ್ಸೋದು ಸಾಯ್ಸೋದು ನಿನ್ ಕೈಲದೆ ಕಣವ್ವ.”

ನಾನು ಹಿಟ್ಟಿನ ಅಂಚು ಮುರಿದು ಸಾರಿಗೆ ಮುಟ್ಟಿಸಿ ಬಿಟ್ಟೆ. ಅವ್ವನೂ ಅಷ್ಟೇ ಮುರಿದು ಎದ್ದಳು. ಬೆಳಗಿನಿಂದ ಮೂಟೆ ಎಳೆದು, ಅಳತೆ ಮಾಡಿ, ಹಿಟ್ಟು ಜರಡಿ ಹಿಡಿದು ಬಂದ ಹೆಂಗಸು. ಎರಡನೆಯ ದಿನವೂ ಹಾಗೆಯೇ, ಆಮೇಲೂ ಹಾಗೆಯೇ. ಅಜ್ಜಿ ಬೈದಳು, ಅಪ್ಪ ಗದರಿದ, ಅವ್ವ ಜಗ್ಗಲಿಲ್ಲ. ಕಥೆಗಳಲ್ಲಾದರೆ ತಾಯಿಯ ಈ ಕಷ್ಟ ನೋಡಿ ಮಗಳ ಮನಸ್ಸು ಕರಗಬೇಕು, ಅವಳು ಅಳುತ್ತ ತಟ್ಟೆ ಎಳೆದುಕೊಳ್ಳಬೇಕು. ನನ್ನ ಮನಸ್ಸು ಕರಗಿಯೇ ಇತ್ತು. ಅವ್ವನ ಕೆನ್ನೆ ಒಳಗೆ ಹೋದದ್ದು, ಬಳೆ ಮೊಣಕೈವರೆಗೆ ಸರಿಯುತ್ತಿದ್ದದ್ದು, ಕೂತಲ್ಲಿಂದ ಏಳುವಾಗ ಗೋಡೆ ಹಿಡಿಯುತ್ತಿದ್ದದ್ದು ಎಲ್ಲ ಕಾಣುತ್ತಿತ್ತು. ಉಣ್ಣಬೇಕೆಂದು ಕೈ ಎತ್ತುತ್ತಿದ್ದೆ. ಬಾಯಿಯ ಹತ್ತಿರ ಬರುವಷ್ಟರಲ್ಲಿ ಅದು ತಾನಾಗಿ ತಟ್ಟೆಗೆ ಇಳಿಯುತ್ತಿತ್ತು. ಅದಕ್ಕಿಂತ ಭಯಂಕರವಾದದ್ದೊಂದಿತ್ತು: ಆ ತಣ್ಣಗಿನ ದನಿ, ನೋಡು, ನಿಮ್ಮವ್ವನೇ ನಿನಗಿಂತ ಕಡಿಮೆ ಉಂಡಳು ಎಂದು ಹೇಳತೊಡಗಿತು. ನನ್ನ ಹೆತ್ತವಳ ಜೊತೆಗೂ ನಾನು ಪಂದ್ಯಕ್ಕೆ ಬಿದ್ದಿದ್ದೆ. ಪ್ರೀತಿಗೆ ಆ ಕಾಯಿಲೆಯ ಬಾಗಿಲು ತೆರೆಯಲಿಲ್ಲ. ಆ ದಿನಗಳಲ್ಲಿ ನಾನು ದೇವರಲ್ಲಿ ಬೇಡಿಕೊಂಡದ್ದು ಹಸಿವನ್ನಲ್ಲ. ಅವ್ವ ಬೀಳುವ ಮೊದಲು ನಾನು ಹೋಗಿಬಿಡಲಿ ಎಂದು.

ಅವ್ವನೇ ಮೊದಲು ಬಿದ್ದಳು. ಸಂತೆಯ ದಿನ, ಮಿಲ್ಲಿನ ತುಂಬ ಜನ. ರಾಗಿಯನ್ನು ಯಂತ್ರದ ಮೇಲಿನ ತೊಟ್ಟಿಗೆ ಸುರಿಯಲು ಹತ್ತುವ ಕಟ್ಟೆಯ ಮೇಲೆ ಅವ್ವ ತುಂಬಿದ ಡಬ್ಬ ಎತ್ತಿಕೊಂಡು ನಿಂತಿದ್ದಳು. ನಾನು ಬಾಗಿಲಲ್ಲಿದ್ದೆ. ಅವಳ ಕಣ್ಣು ಎಲ್ಲಿಗೋ ಹೋದದ್ದನ್ನು ಕಂಡೆ. ಡಬ್ಬ ಮೊದಲು ಬಿತ್ತು, ರಾಗಿ ನೆಲದ ಮೇಲೆಲ್ಲ ಚೆಲ್ಲಾಡಿತು, ಹಿಂದೆಯೇ ಅವಳು ಬಲಗೈ ಅಡಿಯಾಗಿ ಕಲ್ಲಿನ ಮೇಲೆ ಬಿದ್ದಳು. ಇನ್ನೊಂದು ಗೇಣು ಆಚೆಗೆ ತಿರುಗುವ ಬೆಲ್ಟು. ಅಪ್ಪ ಓಡಿ ಮೋಟಾರು ನಿಲ್ಲಿಸಿದ. ಸದ್ದು ನಿಂತ ಆ ಮಿಲ್ಲಿನಲ್ಲಿ ಅಪ್ಪನ ದನಿ ಮೊದಲ ಸಲ ಸಣ್ಣಗೆ ಕೇಳಿಸಿತು. ಅವನು ಅವ್ವನನ್ನು ಹೆಸರು ಹಿಡಿದು ಕರೆಯುತ್ತಿದ್ದ. ಅಷ್ಟು ವರ್ಷಗಳಲ್ಲಿ ಅವನು ‘ಲೇ’ ಎನ್ನದೆ ಅವಳನ್ನು ಕರೆದದ್ದನ್ನು ನಾನು ಕೇಳಿರಲಿಲ್ಲ.

ಮೊಣಕೈ ಚೂರಾಗಿತ್ತು. ಬಾಡಿಗೆ ಕಾರಿನಲ್ಲಿ ಮೈಸೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಅವ್ವನನ್ನು ಮಂಚದ ಮೇಲೆ ಮಲಗಿಸಿ ನಾನು ತಲೆಯ ಹತ್ತಿರ ನಿಂತಿದ್ದೆ. ಡ್ಯೂಟಿಯಲ್ಲಿದ್ದ ಡಾಕ್ಟರು, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕಾಗದ ನೋಡುತ್ತ ಬಂದವಳು ನಮ್ಮಿಬ್ಬರನ್ನೂ ನೋಡಿ ನಿಂತಳು.

“ಇಬ್ಬರಲ್ಲಿ ಪೇಷಂಟ್ ಯಾರು?”

ಅಪ್ಪ ಅವ್ವನ ಕಡೆ ಕೈ ತೋರಿಸಿದ. ಡಾಕ್ಟರು ಅವ್ವನ ಕೈ ನೋಡಿದಳು, ಆಮೇಲೆ ಕೇಳದೆಯೇ ನನ್ನ ಮಣಿಕಟ್ಟು ಹಿಡಿದು ಬಹಳ ಹೊತ್ತು ನಿಂತಳು. ನನ್ನ ಎದೆ ಬಡಿಯುತ್ತಿದ್ದ ನಿಧಾನಕ್ಕೆ ಅವಳ ಮುಖ ಬದಲಾಯಿತು. ಇವಳನ್ನು ಇವತ್ತು ಮನೆಗೆ ಕಳಿಸಿದರೆ ನಾಳೆಗೆ ಬದುಕಿರುತ್ತಾಳೆಂದು ನಾನು ಹೇಳಲಾರೆ ಎಂದು ಅಪ್ಪನಿಗೆ ಇಂಗ್ಲಿಷು ಬೆರೆಸದೆ ಹೇಳಿದಳು. ಹಾಗೆ ಅವ್ವನಿಗೆ ಒಂದು ವಾರ್ಡಿನಲ್ಲಿ, ನನಗೆ ಇನ್ನೊಂದು ವಾರ್ಡಿನಲ್ಲಿ ಹಾಸಿಗೆಯಾಯಿತು. ಸ್ವಲ್ಪ ಚೇತರಿಸಿಕೊಂಡ ಮೇಲೆ ನನ್ನನ್ನು ನೋಡಲು ಮನಸ್ಸಿನ ಡಾಕ್ಟರು ಬಂದರು. ಆ ಮಾತು ಕೇಳಿಯೇ ಅಪ್ಪ ಎದ್ದು ನಿಂತ.

“ನಮ್ ಮಗ್ಳು ಉಚ್ಚಿ ಅಲ್ಲ ಸಾರ್.”

“ಹುಚ್ಚು ಅಂತ ನಾನೂ ಹೇಳ್ತಿಲ್ಲ, ಯಜಮಾನ್ರೇ. ಇವಳಿಗೆ ಊಟ ಕಂಡ್ರೆ ಭಯ. ಬೈದ್ರೆ, ಬೇಡ್ಕೊಂಡ್ರೆ ಹೋಗೋ ಭಯ ಅಲ್ಲ ಇದು. ಇದೊಂದು ಕಾಯಿಲೆ.”

ಚಿಕ್ಕಂದಿನಲ್ಲಿ ಇವಳ ಸ್ವಭಾವ ಹೇಗಿತ್ತು ಎಂದು ಅವರು ಕೇಳಿದರು. ಅಪ್ಪ ಹೆಮ್ಮೆಯಿಂದಲೇ ಶುರುಮಾಡಿದ. ಒಂದು ದಿನವೂ ಏನೂ ಕೇಳಿದವಳಲ್ಲ. ಒಂದಕ್ಷರ ತಪ್ಪಿದರೆ ಹಾಳೆ ಹರಿದು ಬರೆಯುತ್ತಿದ್ದಳು. ತಾನು ತಟ್ಟೆ ಎಸೆದರೆ ತಂಗಿ ಅಳುತ್ತಿದ್ದಳು, ಇವಳು ಮಾತ್ರ ಗೋಡೆ ಒರೆಸುತ್ತಿದ್ದಳು. ಹೇಳುತ್ತ ಹೇಳುತ್ತ ಅವನ ಮಾತು ನಿಧಾನವಾಯಿತು. ತಾನು ಹೇಳಿದ್ದನ್ನು ತಾನೇ ಮೊದಲ ಸಲ ಕೇಳಿಸಿಕೊಂಡವನಂತೆ ನಡುವೆ ನಿಲ್ಲಿಸಿ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಡಾಕ್ಟರು ಅವನನ್ನು ದೂರಲಿಲ್ಲ. ಕೆಲವರು ಹುಟ್ಟುವಾಗಲೇ ತೆಳು ಚರ್ಮದಲ್ಲಿ ಹುಟ್ಟುತ್ತಾರೆ, ಬೇರೆಯವರಿಗೆ ತಾಕದ ಮಾತು ಅವರಿಗೆ ಒಳಗೆ ಇಳಿಯುತ್ತದೆ, ತಪ್ಪಾಗಬಾರದೆಂಬ ಹಟವೇ ಅವರನ್ನು ತಿನ್ನುತ್ತದೆ ಎಂದರು. ನಾನು ಕಣ್ಣು ಮುಚ್ಚಿ ಮಲಗಿದ್ದೆ. ಯಾರೋ ನನ್ನನ್ನು ಅಷ್ಟು ದೂರದಿಂದ ಕಂಡುಹಿಡಿದುಬಿಟ್ಟರಲ್ಲ ಎಂದು ನಾಚಿಕೆಯೂ ಆಯಿತು, ಅಳುವೂ ಬಂತು.

ಅಲ್ಲಿಂದ ಎಲ್ಲ ಸರಿಹೋಯಿತೆಂದು ಬರೆಯಲಾರೆ. ಉಣ್ಣದೆ ಇರುವುದಕ್ಕಿಂತ ಮತ್ತೆ ಉಣ್ಣುವುದು ನರಕ. ಒಂದು ಲೋಟ ಗಂಜಿ ಮುಗಿಸುವಷ್ಟರಲ್ಲಿ ಬೆವರಿ ಹೋಗುತ್ತಿದ್ದೆ. ಕಾಲು ಊದಿದವು, ಹೊಟ್ಟೆ ನುಲಿಯಿತು. ನರ್ಸುಗಳನ್ನು ಶಪಿಸಿದೆ, ಶಪಿಸುವ ಮಾತು ನನ್ನ ಬಾಯಲ್ಲಿ ಇದೆಯೆಂದು ಗೊತ್ತಾದದ್ದೇ ಆಗ. ಡಿಸ್ಚಾರ್ಜ್ ಆದ ಮೇಲೂ ಎರಡು ಸಲ ಹಿಂದಕ್ಕೆ ಜಾರಿದೆ, ಮತ್ತೆ ಅದೇ ವಾರ್ಡು ಸೇರಿದೆ. ಪಿಯುಸಿ ಒಂದು ವರ್ಷ ಹೋಯಿತು. ಈಗ ನಡುವಯಸ್ಸು ದಾಟುತ್ತಿರುವ ನನಗೆ ಇಂದಿಗೂ ಮದುವೆಮನೆಯ ಪಂಕ್ತಿಯಲ್ಲಿ ಕೂರುವುದೆಂದರೆ ಕೈ ತಣ್ಣಗಾಗುತ್ತದೆ. ಆ ದನಿ ಪೂರ್ತಿ ಸತ್ತಿಲ್ಲ. ಅದು ಮಾತಾಡಿದಾಗ ಇದು ಅದೇ ಎಂದು ಗುರುತಿಸಲು ಕಲಿತಿದ್ದೇನೆ, ಅಷ್ಟೆ. ಅವ್ವನ ಮೊಣಕೈ ಮತ್ತೆ ನೆಟ್ಟಗಾಗಲೇ ಇಲ್ಲ.

ಆ ಕಾಲದ ಒಂದು ಮಧ್ಯಾಹ್ನವನ್ನು ಹೇಳಿ ಈ ಅಧ್ಯಾಯ ನಿಲ್ಲಿಸುತ್ತೇನೆ. ನಾವಿಬ್ಬರೂ ಮನೆಗೆ ಬಂದು ಕೆಲವೇ ದಿನಗಳಾಗಿದ್ದವು. ಹೊತ್ತಿಗೆ ಸರಿಯಾಗಿ, ಯಾರಿಗೂ ಕಾಯದೆ, ಒಬ್ಬರ ಜೊತೆ ಕೂತು ನಾನು ಉಣ್ಣಬೇಕೆಂದು ಡಾಕ್ಟರು ಹೇಳಿ ಕಳಿಸಿದ್ದರು. ಆ ಜೊತೆ ಅವ್ವನೇ ಆಗಬೇಕಿತ್ತು. ಅವಳ ಬಲಗೈ ಭುಜದಿಂದ ಬೆರಳವರೆಗೆ ಪ್ಲಾಸ್ಟರಿನಲ್ಲಿತ್ತು. ಮಂಜುಳ ಹಿಟ್ಟು ತೊಳಸಿ, ಹುರುಳಿಕಾಳಿನ ಸಾರು ಮಾಡಿದ್ದಳು. ಅಪ್ಪ ಇನ್ನೂ ಮಿಲ್ಲಿನಿಂದ ಬಂದಿರಲಿಲ್ಲ. ನಾನು ಹಿಟ್ಟು ಮುರಿದು, ಸಾರಿನಲ್ಲಿ ಅದ್ದಿ, ಅವ್ವನ ಬಾಯಿಗಿಟ್ಟೆ. ಅವಳು ನುಂಗಿದಳು. ಇನ್ನೊಂದಿಟ್ಟ ಮೇಲೆ ಅವಳು ಉಣ್ಣುತ್ತಿದ್ದ ರೀತಿಯೇ ಬದಲಾಯಿತು. ಕಣ್ಣು ಅರೆಮುಚ್ಚಿ, ಅವಸರವಾಗಿ, ಸಾರು ಗಲ್ಲದ ಮೇಲೆ ಇಳಿಯುವುದನ್ನೂ ಲೆಕ್ಕಿಸದೆ ಉಂಡಳು. ಅವಳಿಗೆ ಅಷ್ಟು ಹಸಿವಿತ್ತೆಂದು, ಯಾವಾಗಿನಿಂದ ಇತ್ತೆಂದು, ಯಾರಿಗೆ ಗೊತ್ತಿತ್ತು? ಅಷ್ಟು ಹೊತ್ತಿಗೆ ಅಪ್ಪ ಕೈಕಾಲು ತೊಳೆದು ಒಳಗೆ ಬಂದ. ಅಜ್ಜಿ ಕಂಬದ ಬುಡದಿಂದ ದನಿ ತೆಗೆದಳು.

“ಗಂಡ ಇನ್ನೂ ನಿಂತವ್ನೆ, ಇವ್ಳು ಉಣ್ತಾ ಕುಂತವ್ಳೆ. ಈ ಮನೇಲಿ ಇಂತಾದ್ದು ನಡೆದಿರ್ಲಿಲ್ಲ.”

ನನ್ನ ಕೈ ನಿಂತಿತು. ಅವ್ವನ ಬಾಯಿಯೂ ನಿಂತಿತು. ಮಂಜುಳ ಒಲೆಯ ಹತ್ತಿರದಿಂದ ತಿರುಗಿ ನೋಡಿದಳು. ಅಪ್ಪ ಗೋಡೆಗೆ ಬೆನ್ನು ಕೊಟ್ಟು ಬರಿನೆಲದ ಮೇಲೆ ಕೂತ. ತಟ್ಟೆ ಕೇಳಲಿಲ್ಲ.

“ಉಣ್ಲಿ ಬುಡವ್ವ,” ಅಂದ. “ನಾನು ಕಾಯ್ತೀನಿ.”

ಅವ್ವ ನನ್ನ ಕೈಯಲ್ಲಿದ್ದ ತುತ್ತನ್ನು ನೋಡಿದಳು. ಬಾಯಿ ತೆರೆದಳು. ಅದನ್ನು ನುಂಗಿ, ಅಪ್ಪನ ಕಡೆಗಾಗಲಿ ಅಜ್ಜಿಯ ಕಡೆಗಾಗಲಿ ನೋಡದೆ, ಇನ್ನೊಸಿ ಸಾರು ಹಾಕು ಎಂದು ಮಂಜುಳಳಿಗೆ ಹೇಳಿದಳು. ನನ್ನ ತಟ್ಟೆ ಪಕ್ಕದಲ್ಲೇ ಇತ್ತು. ಎಡಗೈಯಿಂದ ಅದನ್ನು ನನ್ನ ಕಡೆ ಸ್ವಲ್ಪ ಸರಿಸಿದಳು, ಉಣ್ಣು ಎನ್ನಲಿಲ್ಲ. ನಾನು ಉಣ್ಣಲು ತೊಡಗಿದೆ. ಅದು ಮುಗಿಯುವಷ್ಟರಲ್ಲಿ ಸಾರು ಆರಿ ಕೆನೆಗಟ್ಟಿತು, ನಾನು ಎರಡು ಸಲ ಅತ್ತೆ, ಮಿಲ್ಲಿನ ಮುಂದೆ ಜನ ಬಂದು ಕೂಗಿ ಹೋದರು. ನಾವಿಬ್ಬರೂ ಏಳುವವರೆಗೆ ಅಪ್ಪ ಆ ಗೋಡೆಗೆ ಒರಗಿ ಹಸಿದುಕೊಂಡು ಕೂತೇ ಇದ್ದ.